ಬಾಟಲಿ ಎಸೆಯುವ ಮುನ್ನ

2025ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ರಜೆಯ ದಿನವೇ, ತಮಿಳುನಾಡಿನ ಸರ್ಕಾರಿ ಔಷಧ ಪ್ರಯೋಗಾಲಯದಿಂದ ಒಂದು ವರದಿ ಬಂತು. ಕಾಂಚೀಪುರಂ ಜಿಲ್ಲೆಯ ಶ್ರೇಸನ್ ಫಾರ್ಮಾ ತಯಾರಿಸಿದ ‘ಕೋಲ್ಡ್ರಿಫ್’ ಎಂಬ ಕೆಮ್ಮಿನ ಸಿರಪ್ಪಿನ ಎಸ್‌ಆರ್-13 ಬ್ಯಾಚಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು. ಮಿತಿ ಇರುವುದು ಶೇ 0.1. ಅಂದರೆ ಮಗುವಿನ ಬಾಯಿಗೆ ಹಾಕುವ 5 ಮಿ.ಲೀ. ಸಿರಪ್ಪಿನಲ್ಲಿ ಸುಮಾರು 2.4 ಗ್ರಾಂ ವಿಷ.

ಅಷ್ಟು ಹೊತ್ತಿಗೆ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯ ಪರಾಸಿಯಾ ಸುತ್ತಮುತ್ತ ಮಕ್ಕಳು ಸಾಯತೊಡಗಿ ತಿಂಗಳಾಗಿತ್ತು. ನೆಗಡಿ, ಜ್ವರ ಎಂದು ಡಾಕ್ಟರ ಬಳಿ ಹೋದ ಮಕ್ಕಳಿಗೆ ಕೆಲವೇ ದಿನಗಳಲ್ಲಿ ಮೂತ್ರ ನಿಂತುಹೋಗುತ್ತಿತ್ತು. ತಂದೆತಾಯಿ ಸಾಲ ಮಾಡಿ ಡಯಾಲಿಸಿಸ್‌ಗೆಂದು ನಾಗಪುರಕ್ಕೆ ಓಡುತ್ತಿದ್ದರು. ಅಧಿಕಾರಿಗಳು ಕುಡಿಯುವ ನೀರಿನ ಮಾದರಿ ತೆಗೆದರು. ಸೊಳ್ಳೆಯಿಂದ, ಇಲಿಯಿಂದ ಹರಡುವ ಸೋಂಕುಗಳನ್ನು ಹುಡುಕಿದರು. ನಾಗಪುರದಲ್ಲಿ ಮಕ್ಕಳ ಮೂತ್ರಪಿಂಡದ ಬಯಾಪ್ಸಿ ನೋಡಿದ ಮೇಲೆಯೇ ವಿಷದ ಅನುಮಾನ ಗಟ್ಟಿಯಾದದ್ದು. ಮೊದಮೊದಲು ತೀರಿಕೊಂಡ ಮಕ್ಕಳ ಮರಣೋತ್ತರ ಪರೀಕ್ಷೆಯೇ ನಡೆದಿರಲಿಲ್ಲ. ಕೊನೆಗೆ ಸತ್ತ ಮಕ್ಕಳ ಸಂಖ್ಯೆ ಇಪ್ಪತ್ತನ್ನು ದಾಟಿತು. ಅವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದವರು.

ಇದು ಮತ್ತೆ ಆಗುತ್ತದೆ. ಭಯ ಹುಟ್ಟಿಸಲು ಈ ಮಾತು ಹೇಳುತ್ತಿಲ್ಲ. ಹಿಂದಿನ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರಲು ದಾರಿಯೇ ಸಿಗುವುದಿಲ್ಲ.

1937ರಲ್ಲಿ ಅಮೆರಿಕದಲ್ಲಿ ಇದೇ ರಾಸಾಯನಿಕದಲ್ಲಿ ಸಲ್ಫಾ ಔಷಧವನ್ನು ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮಾರುಕಟ್ಟೆಗೆ ಬರುವ ಮುನ್ನ ಔಷಧದ ಸುರಕ್ಷತೆ ಸಾಬೀತಾಗಬೇಕು ಎಂಬ ಕಾನೂನು ಅಲ್ಲಿ ಮರುವರ್ಷವೇ ಬಂತು. ನಮ್ಮಲ್ಲಿ 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ತನಿಖೆ ನಡೆಸಿ, ಖರೀದಿಯಿಂದ ಪರೀಕ್ಷೆಯವರೆಗೆ ಎಲ್ಲೆಲ್ಲಿ ವ್ಯವಸ್ಥೆ ಕೊಳೆತಿದೆ ಎಂದು ಬಿಡಿಸಿ ಬರೆಯಿತು. 1998ರಲ್ಲಿ ದೆಹಲಿ, ಗುರುಗ್ರಾಮದ ಕಡೆಯ ಮಕ್ಕಳು. 2019ರ ಕೊನೆ, 2020ರ ಆರಂಭದಲ್ಲಿ ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರದ ಮಕ್ಕಳು. 2022ರಲ್ಲಿ ಹರಿಯಾಣದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸುವಾಗ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಿದ್ದರು. ಅದೇ ವರ್ಷದ ಕೊನೆಗೆ ಉಜ್ಬೇಕಿಸ್ತಾನ. ಊರು ಬೇರೆ, ಕಂಪನಿ ಬೇರೆ. ಜನರನ್ನು ಕೊಂದ ವಿಷದ ಬಗೆಯಂತೂ ಒಂದೇ, ಅದು ಬಾಟಲಿಯೊಳಗೆ ಸೇರಿದ ದಾರಿಯೂ ಹೆಚ್ಚುಕಡಿಮೆ ಒಂದೇ.

ಸಿರಪ್ಪಿಗೆ ಔಷಧವನ್ನು ಕರಗಿಸಿಟ್ಟುಕೊಳ್ಳುವ ಒಂದು ದ್ರವ ಬೇಕು. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬಳಸುವುದು ವಾಡಿಕೆ. ಡೈಎಥಿಲೀನ್ ಗ್ಲೈಕಾಲ್ ಕೂಡ ಅವುಗಳಂತೆಯೇ ಬಣ್ಣವಿಲ್ಲದ, ಮಂದವಾದ, ಸಿಹಿ ರುಚಿಯ ದ್ರವ. ಅದು ಕಾರ್ಖಾನೆಗಳ ಕೆಲಸಕ್ಕೆ ಬಳಕೆಯಾಗುವ, ಅಗ್ಗದ ಸರಕು. ಡ್ರಮ್ಮಿನ ಮೇಲಿನ ಚೀಟಿಯನ್ನಷ್ಟೇ ನಂಬಿ ಮಾಲು ಕೊಂಡರೆ, ಅಥವಾ ಔಷಧ ದರ್ಜೆಯ ಬದಲು ಕೈಗಾರಿಕಾ ದರ್ಜೆಯದನ್ನು ತಂದರೆ, ಕಣ್ಣು, ಮೂಗು, ನಾಲಿಗೆ ಯಾವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗ್ಯಾಸ್ ಕ್ರೊಮಟೋಗ್ರಫಿಯಂಥ ಪರೀಕ್ಷೆಗೆ ಮಾತ್ರ ತಿಳಿಯುತ್ತದೆ. ಮಗುವಿನ ಹೊಟ್ಟೆ ಸೇರಿದ ಮೇಲೆ ಯಕೃತ್ತಿನ ಕಿಣ್ವಗಳು ಇದನ್ನು ಒಡೆದು ಡೈಗ್ಲೈಕಾಲಿಕ್ ಆಮ್ಲವಾಗಿ ಬದಲಿಸುತ್ತವೆ. ಆ ಆಮ್ಲ ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳ ಜೀವಕೋಶಗಳಲ್ಲಿ ಶೇಖರವಾಗಿ ಅವನ್ನು ಕೊಲ್ಲುತ್ತದೆ. ಮೊದಲು ವಾಂತಿ, ಹೊಟ್ಟೆನೋವು. ಒಂದೆರಡು ದಿನದಲ್ಲಿ ಮೂತ್ರ ಕಡಿಮೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ಕಿಣ್ವವನ್ನು ತಡೆಯುವ ಚಿಕಿತ್ಸೆ, ಡಯಾಲಿಸಿಸ್ ಬೇಗ ಸಿಕ್ಕರೆ ಜೀವ ಉಳಿಯಬಹುದು. ಆದ್ದರಿಂದ ಸಿರಪ್ ಕುಡಿದ ಮಗು ಅರ್ಧ ದಿನ ಮೂತ್ರ ಮಾಡಿಲ್ಲವೆಂದರೆ ನಾಳೆ ನೋಡೋಣ ಎನ್ನಬಾರದು. ಬಾಟಲಿಯನ್ನೂ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಕೊಂಡ ಕಚ್ಚಾ ಮಾಲನ್ನೂ ತಯಾರಾದ ಪ್ರತಿ ಬ್ಯಾಚನ್ನೂ ಪರೀಕ್ಷಿಸಬೇಕು ಎಂಬ ನಿಯಮ ನಮ್ಮಲ್ಲಿ ಮೊದಲಿನಿಂದಲೂ ಇದೆ. ಹಾಗಿದ್ದೂ 2025ರ ಅಕ್ಟೋಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಅದನ್ನೇ ಪಾಲಿಸುವಂತೆ ನೋಡಿಕೊಳ್ಳಿ ಎಂದು ರಾಜ್ಯಗಳಿಗೆ ಮತ್ತೆ ಬರೆಯಬೇಕಾಯಿತು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಗ್ಯಾಂಬಿಯಾದ ದುರಂತದ ನಂತರ, 2023ರ ಜೂನ್ 1ರಿಂದ, ವಿದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪನ್ನು ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯದೆ ಹಡಗು ಹತ್ತಿಸುವಂತಿಲ್ಲ. ಪರಾಸಿಯಾಕ್ಕೆ ಲಾರಿಯಲ್ಲಿ ಹೋದ ಸಿರಪ್ಪಿಗೆ ಆ ಕಾವಲು ಇರಲಿಲ್ಲ. ಪರದೇಶದ ಮಕ್ಕಳನ್ನು ಕಾಯಬೇಕೆಂದು ನಿಯಮ ಮಾಡಿದವರು ನಮ್ಮ ಮಕ್ಕಳನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ನನಗೆ ಕಂಡಿಲ್ಲ.

ಸಿರಪ್ ಒಂದರ ಕಥೆ ಮಾತ್ರ ಇದೆಂದು ಕರ್ನಾಟಕದವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅನುಮಾನ ಹೋದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ದ್ರಾವಣದ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಅದಕ್ಕೂ ಮೊದಲೇ ಅನುತ್ತೀರ್ಣವಾಗಿದ್ದವು. ಕೇಂದ್ರ ಪ್ರಯೋಗಾಲಯ ಕೆಲವನ್ನು ಸರಿಯಿದೆ ಎಂದ ಮೇಲೆ ದಾಸ್ತಾನು ಮತ್ತೆ ಬಳಕೆಗೆ ಬಂದಿತ್ತು. ಸಾವುಗಳಾದ ಬಳಿಕ ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು, ಕುಟುಂಬಗಳಿಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿ ಸತ್ತಾಗಲೂ ಮೊದಲ ಶಂಕೆ ಅದೇ ಕಂಪನಿಯ ಡ್ರಿಪ್ಪಿನ ಮೇಲೆ ಬಿತ್ತು. ಬಳ್ಳಾರಿಯ ಎಚ್ಚರಿಕೆ ಅಷ್ಟರಲ್ಲಿ ದೇಶಕ್ಕೆಲ್ಲ ಗೊತ್ತಾಗಿ ಎರಡು ತಿಂಗಳ ಹತ್ತಿರವಾಗಿತ್ತು.

ಹೀಗೆ ನೊಂದವರಿಗೆ ಕಾನೂನಿನಲ್ಲಿ ಏನಿದೆ? ಪತ್ರಿಕೆಗಳಲ್ಲಿ ಓದುವುದು ಬಂಧನದ ಸುದ್ದಿ, ಪರಿಹಾರ ಘೋಷಣೆಯ ಸುದ್ದಿ. ಸಂತ್ರಸ್ತರು ತಾವೇ ಎತ್ತಿಕೊಳ್ಳಬಹುದಾದ ಹತಾರಗಳು ಕಾಯ್ದೆಯ ಪುಸ್ತಕದಲ್ಲಿ ಬಳಕೆಯಿಲ್ಲದೆ ಬಿದ್ದಿವೆ.

ಮೊದಲಿನದು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ. ಕಲಬೆರಕೆಯ ಅಥವಾ ನಕಲಿ ಔಷಧದಿಂದ ಸಾವು ಇಲ್ಲವೇ ತೀವ್ರ ಹಾನಿಯಾದರೆ ಸೆಕ್ಷನ್ 27(ಎ) ಪ್ರಕಾರ ಕನಿಷ್ಠ 10 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ದಂಡ ಕನಿಷ್ಠ 10 ಲಕ್ಷ ರೂಪಾಯಿ ಅಥವಾ ಜಪ್ತಿಯಾದ ಔಷಧದ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅದು. ವಸೂಲಾದ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗಕೂಡದು, ಔಷಧ ಸೇವಿಸಿದವರಿಗೆ, ಅವರು ತೀರಿಕೊಂಡಿದ್ದರೆ ಸಂಬಂಧಿಕರಿಗೆ ಸಲ್ಲಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ.

ಆದರೆ ಅದೇ ಬಾಟಲಿಯನ್ನು ‘ಪ್ರಮಾಣಿತ ಗುಣಮಟ್ಟದ್ದಲ್ಲ’ ಎಂದಷ್ಟೇ ನಮೂದಿಸಿದರೆ ಪ್ರಕರಣ 27(ಡಿ) ಅಡಿಗೆ ಇಳಿಯುತ್ತದೆ. ಅಲ್ಲಿ ಶಿಕ್ಷೆ ಒಂದರಿಂದ ಎರಡು ವರ್ಷ. 2023ರ ಜನ ವಿಶ್ವಾಸ್ ಕಾಯ್ದೆಯ ನಂತರ ಅದನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲೂ ಅವಕಾಶವಿದೆ. ಮೂತ್ರಪಿಂಡ ಸುಡುವ ವಿಷ ಬೆರೆತದ್ದು ಕಲಬೆರಕೆಯೇ, ಅದರಲ್ಲಿ ಅನುಮಾನವಿಲ್ಲ. ಆದ್ದರಿಂದ ದೂರಿನಲ್ಲಿ, ವರದಿಯಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ ಎಂದು ಕುಟುಂಬದವರು ಓದಿ ನೋಡಲೇಬೇಕು. ಇಡೀ ಪ್ರಕರಣದ ಭಾರ ಎಷ್ಟೋ ಸಲ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಜನ ಎಡವುವ ಜಾಗ ಪೊಲೀಸ್ ಠಾಣೆ. ಈ ಕಾಯ್ದೆಯ ಔಷಧ ಅಪರಾಧಗಳಿಗೆ ಪೊಲೀಸರು ಎಫ್‌ಐಆರ್ ದಾಖಲಿಸಿ ಮೊಕದ್ದಮೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಔಷಧ ಕಲಬೆರಕೆ, ನಿರ್ಲಕ್ಷ್ಯದ ಸಾವು, ಕೊಲೆಯಲ್ಲದ ಮಾನವಹತ್ಯೆಯ ಸೆಕ್ಷನ್‌ಗಳಿವೆ, ಅವುಗಳಡಿ ಪೊಲೀಸರು ಕೈ ಹಾಕಬಹುದು. ಔಷಧ ಕಾಯ್ದೆಯ ಕಠಿಣ ಶಿಕ್ಷೆ ಬೇಕಾದರೆ ಮಾತ್ರ ಡ್ರಗ್ ಇನ್‌ಸ್ಪೆಕ್ಟರ್ ನ್ಯಾಯಾಲಯಕ್ಕೆ ದೂರು ಕೊಡಬೇಕು. ಇನ್‌ಸ್ಪೆಕ್ಟರ್ ಕೊಡದೆ ಕುಳಿತರೆ? ಸೆಕ್ಷನ್ 32 ಅದಕ್ಕೂ ದಾರಿ ಬಿಟ್ಟಿದೆ. ನೊಂದ ವ್ಯಕ್ತಿಯೂ, ಮಾನ್ಯತೆ ಪಡೆದ ಗ್ರಾಹಕ ಸಂಘವೂ ನೇರವಾಗಿ ಮೊಕದ್ದಮೆ ಹೂಡಬಹುದು. ಮಗು ಕಳೆದುಕೊಂಡ ತಾಯಿ ಯಾವ ಅಧಿಕಾರಿಯ ಕೃಪೆಗೂ ಕಾಯಬೇಕಿಲ್ಲ. ಈ ದಾರಿ ಇದೆಯೆಂದು ಅವಳಿಗೆ ಹೇಳುವವರು ಆಸ್ಪತ್ರೆಯಲ್ಲೂ ಇಲ್ಲ, ಠಾಣೆಯಲ್ಲೂ ಇಲ್ಲ.

ಎರಡನೆಯದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ ಆರನೇ ಅಧ್ಯಾಯದಲ್ಲಿ ಉತ್ಪನ್ನದ ಹೊಣೆಗಾರಿಕೆ ಎಂಬುದು ನಮ್ಮ ಕಾನೂನಿಗೆ ಮೊದಲ ಬಾರಿ ಸ್ಪಷ್ಟವಾಗಿ ಬಂತು. ತಯಾರಿಕೆಯಲ್ಲಿ ದೋಷವಿದ್ದರೆ, ನಿಗದಿತ ಸೂತ್ರದಿಂದ ಆಚೀಚೆ ಹೋಗಿದ್ದರೆ, ಬಳಕೆಯ ಅಪಾಯದ ಬಗ್ಗೆ ಸಾಕಷ್ಟು ಎಚ್ಚರಿಕೆ ಕೊಡದಿದ್ದರೆ ತಯಾರಕ ಹೊಣೆ ಎನ್ನುತ್ತದೆ ಸೆಕ್ಷನ್ 84. ಬಾಟಲಿಯಲ್ಲಿ ದೋಷವಿತ್ತು, ಅದರಿಂದ ಹಾನಿಯಾಯಿತು ಎಂದು ತೋರಿಸಬೇಕು. ಕಂಪನಿಯ ಒಳಗೆ ಯಾರು ಎಲ್ಲಿ ಉದಾಸೀನ ಮಾಡಿದರು ಎಂಬುದನ್ನು ನೊಂದವರೇ ಅಗೆದು ತೆಗೆಯಬೇಕಿಲ್ಲ. ಎಚ್ಚರಿಕೆಯ ಅಂಶವೂ ಇಲ್ಲಿ ಸಣ್ಣದಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಸಿರಪ್‌ಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಅದನ್ನು ಲೇಬಲ್ಲಿನ ಮೇಲೆ ಮುದ್ರಿಸಬೇಕು ಎಂಬ ಆದೇಶ 2023ರ ಡಿಸೆಂಬರಿನಲ್ಲೇ ಬಂದಿತ್ತು.

ದೂರನ್ನು ಎಲ್ಲಿ ಕೊಡಬೇಕು ಎಂಬುದೂ ಸುಲಭವಾಗಿದೆ. ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ಕೊಡಬಹುದು. ಯಾವ ಹಂತದ ಆಯೋಗ ಎಂಬುದು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ ನಿಂತಿದೆ. ಔಷಧ ಎಷ್ಟೇ ದುಬಾರಿಯಾದರೂ ಅದರ ಬೆಲೆ 50 ಲಕ್ಷ ದಾಟುವುದು ಅಪರೂಪ, ಹಾಗಾಗಿ ಜಿಲ್ಲೆಯಲ್ಲೇ ಕೆಲಸವಾಗುತ್ತದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮಗುವಿನ ಪರವಾಗಿ ತಂದೆತಾಯಿ, ತೀರಿಕೊಂಡವರ ಪರವಾಗಿ ವಾರಸುದಾರರು ದೂರುದಾರರಾಗಬಹುದು. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಗಡುವು ಎರಡು ವರ್ಷ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕ ಔಷಧದಿಂದ ಹಾನಿಯಾದರೆ ಬಾಗಿಲು ಕಿರಿದಾಗುತ್ತದೆ. ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಯ ವಿರುದ್ಧ ಗ್ರಾಹಕ ಕಾಯ್ದೆ ನಡೆಯುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನಿಂದ ಬಂದ ನಿಲುವು. ಬಳ್ಳಾರಿಯ ಬಾಣಂತಿಯರಂಥವರಿಗೆ, ಅಂದರೆ ಅತ್ಯಂತ ಬಡವರಿಗೆ, ಅತ್ಯಂತ ಹತ್ತಿರದ ಬಾಗಿಲು ಮುಚ್ಚಿದೆ. ಆದರೂ ತಯಾರಕನ ವಿಷಯದಲ್ಲಿ ಒಂದು ವಾದಕ್ಕೆ ಜಾಗವಿದೆ ಎಂದು ನನಗನ್ನಿಸುತ್ತದೆ. ಹಣ ಕೊಟ್ಟು ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸಿದವರೂ ಗ್ರಾಹಕರೇ ಎನ್ನುತ್ತದೆ ಕಾಯ್ದೆ. ಡ್ರಿಪ್ಪಿನ ಬಾಟಲಿಯನ್ನು ಸರ್ಕಾರ ಹಣ ಕೊಟ್ಟೇ ಕೊಂಡಿದೆ, ಬಾಣಂತಿಗೆ ಅದನ್ನು ಹಾಕಿದ್ದು ಸರ್ಕಾರದ ಒಪ್ಪಿಗೆಯಿಂದಲೇ. ಈ ವಾದವನ್ನು ಯಾರಾದರೂ ಸಮರ್ಥ ವಕೀಲರು ಆಯೋಗದ ಮುಂದಿಟ್ಟು ಕೊನೆಯವರೆಗೆ ನಡೆಸಬೇಕು. ಸರ್ಕಾರವನ್ನೇ ಹೊಣೆ ಮಾಡಲು ಹೈಕೋರ್ಟಿನ ರಿಟ್ ಇದೆ, ಮಾನವ ಹಕ್ಕುಗಳ ಆಯೋಗವಿದೆ. ಜಮ್ಮುವಿನ ರಾಮನಗರದ ಮಕ್ಕಳ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ದೊರೆತದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಆದೇಶದಿಂದ. ಔಷಧ ಇಲಾಖೆಯ ವೈಫಲ್ಯಕ್ಕೆ ಸರ್ಕಾರವೇ ಹೊಣೆ ಎಂದಿತು ಆಯೋಗ. ಅಲ್ಲಿನ ಆಡಳಿತ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ಸೋತಿತು. ಮೂರು ಲಕ್ಷ ದೊಡ್ಡ ಮೊತ್ತವಲ್ಲ. ತಪಾಸಣೆ ಮಾಡದಿದ್ದುದೂ ತಪ್ಪೇ ಎಂಬುದು ಮಾತ್ರ ಅಲ್ಲಿ ಸ್ಥಾಪನೆಯಾಯಿತು.

ವೈದ್ಯರ ಬಗ್ಗೆಯೂ ಹೇಳಬೇಕು. ವಿಷ ಬೆರೆತದ್ದನ್ನು ಬರೆದುಕೊಟ್ಟ ವೈದ್ಯರಿಗೆ ಬಾಟಲಿಯೊಳಗಿನದು ಕಾಣುವುದಿಲ್ಲ, ಕಲಬೆರಕೆಗೆ ಅವರನ್ನು ಮೊದಲ ಅಪರಾಧಿ ಮಾಡುವುದು ನನಗೆ ಸರಿಕಾಣದು. ಆದರೆ ಬರೆದುಕೊಟ್ಟದ್ದೇ ತಪ್ಪಾಗಿದ್ದರೆ ಮಾತು ಬೇರೆ. ಕೋಲ್ಕತ್ತದಲ್ಲಿ 1998ರಲ್ಲಿ ಚರ್ಮರೋಗಕ್ಕೆ ಚಿಕಿತ್ಸೆ ಪಡೆದು ಆಮೇಲೆ ತೀರಿಕೊಂಡ ಅನುರಾಧಾ ಸಾಹಾ ಅವರಿಗೆ ಕೊಟ್ಟ ಸ್ಟಿರಾಯ್ಡ್ ಚುಚ್ಚುಮದ್ದಿನ ಪ್ರಮಾಣವನ್ನು ಪ್ರಶ್ನಿಸಿ ಅವರ ಪತಿ, ಸ್ವತಃ ವೈದ್ಯರಾದ ಕುನಾಲ್ ಸಾಹಾ ಹೋರಾಡಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 5.96 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತು. ಸಾವಿನಿಂದ ಅಂತಿಮ ತೀರ್ಪಿಗೆ ಹದಿನೈದು ವರ್ಷ. ವೈದ್ಯಕೀಯ ದಾಖಲೆಗಳನ್ನು ಓದಬಲ್ಲ ಒಬ್ಬ ವೈದ್ಯರಿಗೇ ಇಷ್ಟು ಹಿಡಿದರೆ ಉಳಿದವರಿಗೆ ಎಷ್ಟು ಕಷ್ಟ ಎಂದು ಊಹಿಸಬಹುದು. ಔಷಧಕ್ಕೆ ಅಡ್ಡಪರಿಣಾಮ ಇರುವುದೇ ಅಪರಾಧವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಗೊತ್ತಿದ್ದ ಅಪಾಯವನ್ನು ಮುಚ್ಚಿಟ್ಟದ್ದು, ಮಿತಿ ಮೀರಿ ಕೊಟ್ಟದ್ದು, ತಯಾರಿಕೆಯಲ್ಲಿ ಕೆಡಿಸಿದ್ದು ಅಪರಾಧ ಅಥವಾ ಹೊಣೆ.

ಹೊರದೇಶಗಳಲ್ಲೂ ಕುಟುಂಬಗಳು ಸುಮ್ಮನೆ ಕೂರಲಿಲ್ಲ. ಉಜ್ಬೇಕಿಸ್ತಾನದ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ 23 ಮಂದಿಗೆ ಜೈಲು ಶಿಕ್ಷೆ ವಿಧಿಸಿತು. ಇದೇ ಬಗೆಯ ವಿಷದಿಂದ 2022ರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಕಳೆದುಕೊಂಡ ಇಂಡೊನೇಷ್ಯಾದಲ್ಲಿ ತಂದೆತಾಯಿಯರು ಒಟ್ಟಾಗಿ ದಾವೆ ಹೂಡಿದರು. 2024ರಲ್ಲಿ ಜಕಾರ್ತದ ನ್ಯಾಯಾಲಯ ಔಷಧ ಕಂಪನಿಯ ಜೊತೆಗೆ ರಾಸಾಯನಿಕ ಪೂರೈಸಿದ ಕಂಪನಿಯನ್ನೂ ಪರಿಹಾರಕ್ಕೆ ಹೊಣೆ ಮಾಡಿತು. ಈ ಎರಡನೆಯ ಅಂಶ ನಮ್ಮ ವಕೀಲರು ಗಮನಿಸಬೇಕಾದದ್ದು. ಡ್ರಮ್ಮು ಮಾರಿದವನು ನಮ್ಮಲ್ಲಿ ತನಿಖೆಯ ಅಂಚಿನಲ್ಲೇ ಉಳಿದುಬಿಡುತ್ತಾನೆ.

ಇವೆಲ್ಲಕ್ಕೂ ಬೇಕಾದದ್ದು ಸಾಕ್ಷ್ಯ. ಅದು ಕಳೆದುಹೋಗುವುದು ಮೊದಲ ಮೂರ್ನಾಲ್ಕು ದಿನಗಳಲ್ಲಿ. ಮಗು ಆಸ್ಪತ್ರೆಯಲ್ಲಿರುವಾಗ ಮನೆಯಲ್ಲಿ ಯಾರೋ ಬಾಟಲಿಯನ್ನು ಕಸಕ್ಕೆ ಹಾಕಿರುತ್ತಾರೆ. ಬಿಲ್ ತೆಗೆದುಕೊಂಡಿರುವುದೇ ಇಲ್ಲ, ಅಥವಾ ಬಿಲ್ಲಿನಲ್ಲಿ ಬ್ಯಾಚ್ ನಂಬರು ಇರುವುದಿಲ್ಲ. ಹಾಗಾಗಿ ಅರ್ಧ ಖಾಲಿಯಾದ ಬಾಟಲಿಯ ಮುಚ್ಚಳ ಬಿಗಿಮಾಡಿ, ಬೇರೇನೂ ಸೇರಿಸದೆ, ಪೆಟ್ಟಿಗೆ, ಚೀಟಿ, ಬಿಲ್ಲಿನ ಜೊತೆ ಎತ್ತಿಡಿ. ಬ್ಯಾಚ್ ನಂಬರು, ತಯಾರಾದ ತಿಂಗಳು ಕಾಣುವಂತೆ ಫೋಟೊ ತೆಗೆಯಿರಿ. ಡ್ರಗ್ ಇನ್‌ಸ್ಪೆಕ್ಟರ್ ಕೇಳಿದರೆ ಅಂಗಡಿಯವರು ತಾವು ಯಾರಿಂದ ಕೊಂಡೆವು ಎಂದು ತಿಳಿಸಬೇಕಾದದ್ದು ಔಷಧ ಕಾಯ್ದೆಯ ಪ್ರಕಾರ ಅವರ ಕರ್ತವ್ಯ. ಕೇಸ್ ಶೀಟಿನ ನಕಲು ಕೇಳಿ ಪಡೆಯಿರಿ. ಸಾವಾದರೆ, ಎಷ್ಟೇ ಸಂಕಟವಾದರೂ, ಮರಣೋತ್ತರ ಪರೀಕ್ಷೆಗೆ ಒಪ್ಪಿಕೊಳ್ಳಿ. ಅಡ್ಡಪರಿಣಾಮವನ್ನು ಭಾರತದ ಔಷಧ ನಿಗಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ರೋಗಿಗಳೇ ತಿಳಿಸಬಹುದು. ಹೆಂಗಸರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ಔಷಧ ಕಾಯ್ದೆಯ ಸೆಕ್ಷನ್ 26ನ್ನು ಕೊನೆಗೆ ಉಳಿಸಿಕೊಂಡೆ. ಯಾವುದೇ ವ್ಯಕ್ತಿ, ಅಥವಾ ಮಾನ್ಯತೆ ಪಡೆದ ಗ್ರಾಹಕ ಸಂಘ, ತಾನು ಕೊಂಡ ಔಷಧವನ್ನು ನಮೂನೆ 14-ಎ ಅರ್ಜಿಯೊಂದಿಗೆ, ನಿಗದಿತ ಶುಲ್ಕ ಕಟ್ಟಿ, ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ಸಹಿ ಮಾಡಿದ ವರದಿ ಪಡೆಯಬಹುದು, ಅದು ಹಕ್ಕು. ಇದಕ್ಕೆ ಯಾರೂ ಸಾಯಬೇಕಿಲ್ಲ, ಯಾರಿಗೂ ಕಾಯಿಲೆಯಾಗಬೇಕಿಲ್ಲ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ. ಮೈಸೂರು ಗ್ರಾಹಕರ ಪರಿಷತ್ತಿನಂಥ ಸಂಘಟನೆಗಳು, ಮಕ್ಕಳ ವೈದ್ಯರ ಸಂಘಗಳು, ಕಾನೂನು ಕಾಲೇಜುಗಳ ನೆರವು ಘಟಕಗಳು ಮಳೆಗಾಲ ಶುರುವಾಗುವ ಮುನ್ನ, ನೆಗಡಿ ಕೆಮ್ಮಿನ ಔಷಧದ ಮಾರಾಟ ಏರುವ ಮುನ್ನ, ತಮ್ಮ ತಾಲ್ಲೂಕಿನ ಅಂಗಡಿಗಳಿಂದ ಬಿಲ್ ಸಮೇತ ಒಂದಷ್ಟು ಮಕ್ಕಳ ಸಿರಪ್ ಬಾಟಲಿ ಕೊಂಡು ಈ ಅರ್ಜಿಯ ಜೊತೆ ಕೊಡಲಿ. ಡೈಎಥಿಲೀನ್ ಗ್ಲೈಕಾಲ್ ಪರೀಕ್ಷೆಯನ್ನೇ ಹೆಸರಿಸಿ ಕೇಳಲಿ. ವರದಿ ಬರುವುದು ತಡವಾದರೆ ಎಷ್ಟು ದಿನ ತಡವಾಯಿತು ಎಂಬುದನ್ನೂ ಸೇರಿಸಿ ಊರಿನ ಪತ್ರಿಕೆಗೆ ಕೊಡಲಿ. ತಮಿಳುನಾಡಿನ ಪ್ರಯೋಗಾಲಯದವರು ರಜೆಯ ದಿನ ಮಾಡಿ ತೋರಿಸಿದ ಕೆಲಸ ಇದು, ನಮ್ಮ ಪ್ರಯೋಗಾಲಯಗಳಿಗೂ ಸಾಧ್ಯ. ಅರ್ಜಿ ಹೋಗಬೇಕು.